ಮಂಗಳನ ನೆಲದಲ್ಲಿ ಮುರಿದ ರೆಕ್ಕೆ



ಹೆಲಿಕಾಪ್ಟರ್ ನಮಗೆ ಹೊಸದಲ್ಲ. ಚುನಾವಣೆ ಬಂದರೆ ಊರ ಮೇಲೆ ಹಾರುತ್ತದೆ. ನೆರೆ ಬಂದಾಗ ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರನ್ನು ಎತ್ತಿ ತರುತ್ತದೆ. ಅದು ಇಳಿಯುವಾಗ ಧೂಳೋ ಧೂಳು. ಮಕ್ಕಳು ಓಡಿ ಹೋಗಿ ನೋಡುತ್ತಾರೆ. ಕೈಕೆಲಸ ಬಿಟ್ಟು ನಾವೂ ತಲೆ ಎತ್ತಿ ನೋಡುತ್ತೇವೆ.

ಹೆಲಿಕಾಪ್ಟರ್ ತಯಾರಿಸುವ ಕಾರ್ಖಾನೆ ನಮ್ಮ ಬೆಂಗಳೂರಿನಲ್ಲೇ ಇದೆ. ಅದರ ಹೆಸರು ಎಚ್.ಎ.ಎಲ್. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲೂ 2023ರಲ್ಲಿ ಅದೇ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತು.

ಹೆಲಿಕಾಪ್ಟರ್ ಮೆಲ್ಲಗೆ ಇಳಿಯಬೇಕು. ಒಮ್ಮೊಮ್ಮೆ ಧಡ್ ಅಂತ ನೆಲಕ್ಕೆ ಕುಕ್ಕುತ್ತದೆ. ಇದಕ್ಕೆ ‘ಬಿರುಸಿನ ಇಳಿತ’ ಅನ್ನೋಣ. ಹಾಗೆ ಆದಮೇಲೆ ಅದನ್ನು ಮತ್ತೆ ಹಾರಿಸುವ ಮೊದಲು ಚೆನ್ನಾಗಿ ತಪಾಸಣೆ ಮಾಡುತ್ತಾರೆ. ಕಾಲು ಬಾಗಿದೆಯಾ? ರೆಕ್ಕೆ ಸೀಳಿದೆಯಾ? ಎಲ್ಲಾದರೂ ಬಿರುಕು ಬಿಟ್ಟಿದೆಯಾ? ಒಂದೊಂದನ್ನೂ ಕೈಯಲ್ಲಿ ಮುಟ್ಟಿ, ಕಣ್ಣಲ್ಲಿ ನೋಡಿ ಬರೆದುಕೊಳ್ಳುತ್ತಾರೆ.

ಆದರೆ ಮುಟ್ಟಿ ನೋಡಲು ಆಗದ ಜಾಗದಲ್ಲಿ ಹೆಲಿಕಾಪ್ಟರ್ ಬಿದ್ದರೆ? ಅಲ್ಲಿಗೆ ಯಾರೂ ಹೋಗಲು ಆಗದಿದ್ದರೆ? ಅಂಥ ಒಂದು ಸಂಗತಿ ನಿಜವಾಗಿ ನಡೆದಿದೆ. ಅದನ್ನು ಈ ಪಾಠದಲ್ಲಿ ಓದೋಣ.

ಕೆಂಪು ಚುಕ್ಕಿಯ ಊರು

ರಾತ್ರಿ ಆಕಾಶದಲ್ಲಿ ಕೆಲವು ತಿಂಗಳು ಒಂದು ಕೆಂಪು ಚುಕ್ಕಿ ಕಾಣುತ್ತದೆ. ಅದೇ ಮಂಗಳ ಗ್ರಹ. ಅದಕ್ಕೆ ಕುಜ, ಅಂಗಾರಕ ಅಂತಲೂ ಹೆಸರು. ‘ಹುಡುಗಿಗೆ ಕುಜದೋಷ ಇದೆ’ ಅಂತ ಹೇಳಿ ಎಷ್ಟೋ ಮದುವೆ ಮಾತುಕತೆ ಮುರಿದದ್ದನ್ನು ನಾವು ಕಂಡಿದ್ದೇವೆ. ಆ ಕುಜನೇ ಈ ಮಂಗಳ.

ಮಂಗಳ ಒಂದು ನೆಲ. ಭೂಮಿಯ ಹಾಗೇ ದುಂಡಗಿದೆ, ಭೂಮಿಗಿಂತ ಚಿಕ್ಕದು. ಅಲ್ಲಿ ಕಲ್ಲು, ಮರಳು, ಗುಡ್ಡ, ಕಣಿವೆ ಇವೆ. ಅಲ್ಲಿಯ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಬೆರೆತಿದೆ. ಅದಕ್ಕೇ ಕೆಂಪಗೆ ಕಾಣುತ್ತದೆ. ಜನ ಇಲ್ಲ. ಗಿಡಮರ ಇಲ್ಲ. ಗಾಳಿ ಇದೆ, ಆದರೆ ತೀರಾ ತೆಳು. ನಮ್ಮ ಗಾಳಿಯ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ.

ನಮ್ಮ ದೇಶವೂ ಮಂಗಳಕ್ಕೆ ನೌಕೆ ಕಳಿಸಿದೆ. ಅದರ ಹೆಸರು ಮಂಗಳಯಾನ. 2013ರ ನವೆಂಬರ್ 5ರಂದು ಹೊರಟು, 2014ರ ಸೆಪ್ಟೆಂಬರ್ 24ರಂದು ಮಂಗಳದ ಹತ್ತಿರ ತಲುಪಿತು. ಅದನ್ನು ಬೆಂಗಳೂರಿನಿಂದಲೇ ನಡೆಸಿದರು. ಆ ಕೆಲಸದಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು. ಆ ನೌಕೆ ಮಂಗಳವನ್ನು ಸುತ್ತುತ್ತಿತ್ತು, ನೆಲಕ್ಕೆ ಇಳಿಯಲಿಲ್ಲ.

ಅಮೆರಿಕ ದೇಶದ ನಾಸಾ ಸಂಸ್ಥೆ ನೆಲಕ್ಕೇ ಒಂದು ಗಾಡಿ ಇಳಿಸಿತು. 2021ರ ಫೆಬ್ರವರಿ 18ರಂದು ಅದು ಇಳಿಯಿತು. ಆ ಗಾಡಿಯ ಹೆಸರು ‘ಪರ್ಸೆವೆರೆನ್ಸ್’. ಹಾಗಂದರೆ ಹಿಡಿದ ಕೆಲಸ ಬಿಡದಿರುವುದು. ಗಾಡಿಯ ಹೊಟ್ಟೆಯ ಕೆಳಗೆ ಒಂದು ಪುಟ್ಟ ಹೆಲಿಕಾಪ್ಟರ್ ಮಡಿಚಿಕೊಂಡು ಕೂತಿತ್ತು.

ಎರಡು ಕಿಲೋ ಕೂಡ ಇಲ್ಲದ ಹೆಲಿಕಾಪ್ಟರ್

ಆ ಹೆಲಿಕಾಪ್ಟರಿನ ಹೆಸರು ‘ಇಂಜೆನ್ಯುಯಿಟಿ’. ಹಾಗಂದರೆ ಜಾಣ್ಮೆ. ಈ ಹೆಸರು ಸೂಚಿಸಿದವಳು ಒಬ್ಬ ಹೈಸ್ಕೂಲ್ ಹುಡುಗಿ. ಪ್ರಬಂಧ ಸ್ಪರ್ಧೆಯಲ್ಲಿ ಬರೆದು ಕಳಿಸಿದ್ದಳು.

ಭೂಮಿಯ ಮೇಲೆ ತೂಗಿದರೆ ಅದರ ತೂಕ 1.8 ಕಿಲೋ. ಎತ್ತರ ಸುಮಾರು ಅರ್ಧ ಮೀಟರ್. ನಾಲ್ಕು ಸಪೂರ ಕಾಲು. ತಲೆಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಒಟ್ಟು ನಾಲ್ಕು. ಈ ಕಡೆಯ ತುದಿಯಿಂದ ಆ ಕಡೆಯ ತುದಿಗೆ ಅಳೆದರೆ 1.2 ಮೀಟರ್. ನಮ್ಮ ಮನೆಯ ಸೀಲಿಂಗ್ ಫ್ಯಾನಿನಷ್ಟೇ ಅಗಲ ಅನ್ನಿ.

ಫ್ಯಾನ್ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಹೆಲಿಕಾಪ್ಟರಿನ ರೆಕ್ಕೆಯೂ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ತಾನು ಮೇಲಕ್ಕೆ ಏಳುತ್ತದೆ. ಮಂಗಳದಲ್ಲಿ ಗಾಳಿ ತೆಳು. ಅದಕ್ಕೆ ರೆಕ್ಕೆ ಬಹಳ ಜೋರಾಗಿ ತಿರುಗಬೇಕು. ನಮ್ಮ ಫ್ಯಾನ್ ನಿಮಿಷಕ್ಕೆ ಮುನ್ನೂರು ನಾನ್ನೂರು ಸುತ್ತು ತಿರುಗಿದರೆ, ಈ ರೆಕ್ಕೆ ನಿಮಿಷಕ್ಕೆ 2,400 ಸುತ್ತು ತಿರುಗುತ್ತಿತ್ತು. ರೆಕ್ಕೆ ಹಗುರ ಇರಬೇಕು, ಗಟ್ಟಿಯೂ ಇರಬೇಕು. ಅದನ್ನು ಮಾಡುವುದೇ ದೊಡ್ಡ ಕೆಲಸ.

ಈ ಹೆಲಿಕಾಪ್ಟರಿನ ಮುಖ್ಯ ಎಂಜಿನಿಯರ್ ಬಾಬ್ ಬಲರಾಮ್. ಅವರು ಮದ್ರಾಸಿನ ಐ.ಐ.ಟಿ.ಯಲ್ಲಿ ಓದಿದವರು. ಕೆಲಸದ ಮೇಲ್ವಿಚಾರಣೆ ಹೊತ್ತು ಮೊದಲ ಸಲ ಹಾರಿಸಿದವರು ಮಿಮಿ ಆಂಗ್. ಅವರು ಬರ್ಮಾ ಮೂಲದ ಹೆಣ್ಣುಮಗಳು.

2021ರ ಏಪ್ರಿಲ್ 19ರಂದು ಅದು ಮೊದಲ ಸಲ ಹಾರಿತು. ಮೂರು ಮೀಟರ್ ಮೇಲೆ ಎದ್ದಿತು. 39 ಸೆಕೆಂಡ್ ಗಾಳಿಯಲ್ಲಿತ್ತು. ಮತ್ತೆ ಮೆಲ್ಲಗೆ ಇಳಿಯಿತು. ಬೇರೆ ಗ್ರಹದ ಮೇಲೆ ಎಂಜಿನಿನ ಬಲದಿಂದ ಹಾರಿದ ಮೊದಲ ಯಂತ್ರ ಅದೇ.

ಐದು ಸಲ ಹಾರಿದರೆ ಸಾಕು ಅಂತ ಅವರು ಲೆಕ್ಕ ಹಾಕಿದ್ದರು. ಅದು ಹಾರಿದ್ದು 72 ಸಲ! ಸುಮಾರು ಮೂರು ವರ್ಷ ದುಡಿಯಿತು.

ಅದಕ್ಕೆ ದಾರಿ ತೋರಿಸುವವರು ಯಾರು?

‘ಭೂಮಿಯಲ್ಲಿ ಕೂತು ಅದನ್ನು ಓಡಿಸುತ್ತಿದ್ದರಾ?’ ಅಂತ ನೀವು ಕೇಳಬಹುದು. ಇಲ್ಲ, ಅದು ಆಗದ ಮಾತು. ಮಂಗಳ ಕೋಟಿಗಟ್ಟಲೆ ಕಿಲೋಮೀಟರ್ ದೂರ. ಇಲ್ಲಿಂದ ಕಳಿಸಿದ ಸಂದೇಶ ಅಲ್ಲಿಗೆ ಮುಟ್ಟಲು ಹಲವು ನಿಮಿಷ ಬೇಕು. ‘ಎಡಕ್ಕೆ ತಿರುಗು’ ಅಂತ ಹೇಳಿ ಅದು ಮುಟ್ಟುವಷ್ಟರಲ್ಲಿ ಹೆಲಿಕಾಪ್ಟರ್ ಇಳಿದೇ ಬಿಟ್ಟಿರುತ್ತದೆ.

ಆದ್ದರಿಂದ ‘ಇಷ್ಟು ಎತ್ತರ ಹೋಗು, ಇಷ್ಟು ದೂರ ಹೋಗು, ಇಳಿ’ ಅಂತ ಮೊದಲೇ ಬರೆದು ಕಳಿಸುತ್ತಿದ್ದರು. ಹಾರುವಾಗ ಅದು ತನ್ನ ದಾರಿ ತಾನೇ ನೋಡಿಕೊಳ್ಳಬೇಕು. ನೋಡಲು ಅದಕ್ಕೆ ಹೊಟ್ಟೆಯ ಕೆಳಗೆ ಒಂದು ಕ್ಯಾಮೆರಾ. ಯೋಚನೆ ಮಾಡಲು ಮೊಬೈಲ್ ಫೋನಿನಲ್ಲಿ ಇರುವಂಥದೇ ಒಂದು ಪುಟ್ಟ ಕಂಪ್ಯೂಟರ್.

ಕ್ಯಾಮೆರಾ ಒಂದು ಸೆಕೆಂಡಿಗೆ 30 ಫೋಟೋ ತೆಗೆಯುತ್ತಿತ್ತು. ಕಂಪ್ಯೂಟರ್ ಒಂದು ಫೋಟೋವನ್ನು ಇನ್ನೊಂದರ ಜೊತೆ ಹೋಲಿಸುತ್ತಿತ್ತು. ‘ಆ ಕಲ್ಲು ಈಗ ಇಲ್ಲಿತ್ತು, ಈಗ ಅಲ್ಲಿಗೆ ಸರಿದಿದೆ. ಅಂದರೆ ನಾನು ಇಷ್ಟು ಮುಂದೆ ಬಂದೆ.’ ಹೀಗೆ ಲೆಕ್ಕ ಮಾಡುತ್ತಿತ್ತು.

ಇದನ್ನು ತಿಳಿಯಲು ಎರಡು ಸೀರೆ ಸಾಕು. ಒಂದು ಚೌಕುಳಿ ಸೀರೆ, ಇನ್ನೊಂದು ಏನೂ ಗುರುತಿಲ್ಲದ ಒಂದೇ ಬಣ್ಣದ ಸೀರೆ. ಚೌಕುಳಿ ಸೀರೆಯನ್ನು ಕಣ್ಣ ಮುಂದೆ ಎಳೆದರೆ ಎಷ್ಟು ಸರಿಯಿತು ಅಂತ ಚೌಕ ಎಣಿಸಿ ಹೇಳಬಹುದು. ಒಂದೇ ಬಣ್ಣದ ಸೀರೆ ಎಷ್ಟು ಸರಿದರೂ ಒಂದೇ ಥರ ಕಾಣುತ್ತದೆ. ಸರಿಯಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಕಲ್ಲು ಇರುವ ನೆಲ ಹೆಲಿಕಾಪ್ಟರಿಗೆ ಚೌಕುಳಿ ಸೀರೆ ಇದ್ದ ಹಾಗೆ. ನುಣುಪು ಮರಳು ಗುರುತಿಲ್ಲದ ಸೀರೆ ಇದ್ದ ಹಾಗೆ. ಅದರ ಕಣ್ಣನ್ನು ಕಲ್ಲು ಇರುವ ನೆಲಕ್ಕೆ ಅಂತಲೇ ಮಾಡಿದ್ದರು. 70 ಸಲ ಹಾರಿದ ಮೇಲೆ ಅದು ಬರೀ ಮರಳಿನ ದಿಬ್ಬಗಳ ಜಾಗಕ್ಕೆ ಬಂದಿತ್ತು.

2024ರ ಜನವರಿ 18

ಜನವರಿ 6ರಂದು 71ನೇ ಸಲ ಹಾರಿದಾಗಲೇ ಅದು ಅರ್ಧದಲ್ಲಿ ಇಳಿದುಬಿಟ್ಟಿತ್ತು. ಏನಾಗಿದೆ, ಎಲ್ಲಿದ್ದೇವೆ ಅಂತ ತಿಳಿಯಲು 18ನೇ ತಾರೀಕು ಮತ್ತೆ ಹಾರಿಸಿದರು. ಎಲ್ಲಿಗೂ ಹೋಗುವುದು ಬೇಡ. ನೇರ ಮೇಲೆ ಏಳು, ಫೋಟೋ ತೆಗಿ, ನೇರ ಕೆಳಗೆ ಇಳಿ. ಇಷ್ಟೇ ಕೆಲಸ.

ಅದು 12 ಮೀಟರ್ ಮೇಲೆ ಎದ್ದಿತು. ಫೋಟೋ ತೆಗೆಯಿತು. 19ನೇ ಸೆಕೆಂಡಿಗೆ ಇಳಿಯಲು ಶುರು ಮಾಡಿತು. 32ನೇ ಸೆಕೆಂಡಿಗೆ ನೆಲದ ಮೇಲಿತ್ತು. ಆದರೆ ಮಾತು ನಿಂತುಹೋಯಿತು. ಗಾಡಿಗೆ ಅದರಿಂದ ಯಾವ ಸುದ್ದಿಯೂ ಬರಲಿಲ್ಲ.

ಮಾರನೆ ದಿನ ಮತ್ತೆ ಸಂಪರ್ಕ ಸಿಕ್ಕಿತು. ಹೆಲಿಕಾಪ್ಟರ್ ನಿಂತೇ ಇತ್ತು, ಬ್ಯಾಟರಿಯೂ ಚೆನ್ನಾಗಿತ್ತು. ಎಲ್ಲರೂ ಉಸಿರು ಬಿಟ್ಟರು. ಕೆಲವು ದಿನ ಕಳೆದು ಒಂದು ಫೋಟೋ ಬಂತು. ಹೆಲಿಕಾಪ್ಟರ್ ತನ್ನ ಕಾಲ ಬುಡದ ಮರಳಿನ ಫೋಟೋ ಕಳಿಸಿತ್ತು. ಮರಳಿನ ಮೇಲೆ ರೆಕ್ಕೆಯ ನೆರಳು ಬಿದ್ದಿತ್ತು. ನೆರಳಿನ ತುದಿ ಮೊಂಡಾಗಿತ್ತು. ರೆಕ್ಕೆ ಮುರಿದಿತ್ತು!

ಜನವರಿ 25ರಂದು ನಾಸಾ ತಿಳಿಸಿತು: ಈ ಹೆಲಿಕಾಪ್ಟರ್ ಇನ್ನು ಹಾರುವುದಿಲ್ಲ.

ಮುಟ್ಟದೆ ಮಾಡಿದ ತನಿಖೆ

ಯಾಕೆ ಮುರಿಯಿತು? ಇದನ್ನು ತಿಳಿಯಬೇಕಿತ್ತು. ಬೇರೆ ಗ್ರಹದ ಮೇಲೆ ಹಾರುವ ಯಂತ್ರ ಬಿದ್ದು, ಅದರ ತನಿಖೆ ನಡೆದದ್ದು ಅದೇ ಮೊದಲು. ಕಣ್ಣಾರೆ ಕಂಡವರು ಯಾರೂ ಇಲ್ಲ. ಹೋಗಿ ಎತ್ತಿ ನೋಡುವಂತಿಲ್ಲ. ಮತ್ತೆ ಅವರ ಕೈಯಲ್ಲಿ ಇದ್ದದ್ದೇನು?

ಒಂದು, ಹಾರುವಾಗ ಹೆಲಿಕಾಪ್ಟರ್ ಬರೆದಿಟ್ಟ ಲೆಕ್ಕ.
ಎರಡು, ಅದು ತೆಗೆದ ಫೋಟೋಗಳು.
ಮೂರು, ದೂರದಿಂದ ಗಾಡಿ ತೆಗೆದ ಫೋಟೋಗಳು.

ಗಾಡಿಯ ಫೋಟೋದಲ್ಲಿ ಇನ್ನೊಂದು ಸಂಗತಿ ಕಂಡಿತು. ಒಂದು ರೆಕ್ಕೆ ಬುಡದಿಂದಲೇ ಕಿತ್ತುಹೋಗಿತ್ತು. ಹೆಲಿಕಾಪ್ಟರಿನಿಂದ ಸುಮಾರು 15 ಮೀಟರ್ ದೂರದಲ್ಲಿ ಮರಳಿನ ಮೇಲೆ ಬಿದ್ದಿತ್ತು.

ರೆಕ್ಕೆ ಮುರಿದಿದೆ ಅಂದರೆ ನಮಗೆ ಮೊದಲು ಏನು ಹೊಳೆಯುತ್ತದೆ? ‘ನೆಲಕ್ಕೆ ಬಡಿದಿರಬೇಕು’ ಅಂತ. ಅವರಿಗೂ ಮೊದಲು ಅದೇ ಹೊಳೆಯಿತು. ಆದರೆ ಹೊಳೆದದ್ದನ್ನೇ ತೀರ್ಮಾನ ಅಂತ ಬರೆದುಬಿಡಲಿಲ್ಲ. ತಿಂಗಳುಗಟ್ಟಲೆ ಲೆಕ್ಕವನ್ನೂ ಫೋಟೋಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2024ರ ಡಿಸೆಂಬರಿನಲ್ಲಿ ತಾವು ಕಂಡುಕೊಂಡದ್ದನ್ನು ಹೇಳಿದರು. ಹೀಗೇ ಆಗಿರುವ ಸಂಭವ ಹೆಚ್ಚು ಅಂದರು:

1. ಮರಳು ನುಣುಪಾಗಿತ್ತು. ಕ್ಯಾಮೆರಾಕ್ಕೆ ಸಾಕಷ್ಟು ಗುರುತು ಸಿಗಲಿಲ್ಲ.

2. ಗುರುತು ಸಿಗದೆ ತನ್ನ ವೇಗದ ಲೆಕ್ಕ ತಪ್ಪಿತು. ನೇರ ಇಳಿಯಬೇಕಾದದ್ದು ಅಡ್ಡಕ್ಕೆ ಜಾರುತ್ತಾ ಇಳಿಯಿತು.

3. ಮರಳಿನ ದಿಬ್ಬದ ಇಳಿಜಾರಿಗೆ ಬಿರುಸಾಗಿ ಕುಕ್ಕಿತು. ಮೈ ತಟ್ಟನೆ ವಾಲಿತು.

4. ಹಾಗೆ ತಟ್ಟನೆ ವಾಲಿದ್ದೇ ರೆಕ್ಕೆಗೆ ಕುತ್ತು ತಂದಿತು. ಜೋರಾಗಿ ತಿರುಗುವ ಬುಗುರಿಯನ್ನು ಬೆರಳಿನಿಂದ ಓರೆ ಮಾಡಲು ಹೋಗಿ. ಅದು ಬಗ್ಗುವುದಿಲ್ಲ, ಸೆಣಸುತ್ತದೆ. ತಿರುಗುವ ರೆಕ್ಕೆಯೂ ಹಾಗೇ. ಮೈ ಒಂದು ಕಡೆ ವಾಲಿತು, ರೆಕ್ಕೆ ಸೆಣಸಿತು. ತಾಳಿಕೊಳ್ಳುವ ಮಿತಿ ಮೀರಿತು. ನಾಲ್ಕು ರೆಕ್ಕೆಗಳೂ ತಮ್ಮ ಬಲ ಕಡಿಮೆ ಇರುವ ಜಾಗದಲ್ಲೇ ಮುರಿದವು. ಆ ಜಾಗ ತುದಿಯಿಂದ ಸುಮಾರು ಮೂರರಲ್ಲಿ ಒಂದು ಪಾಲು ಒಳಗೆ ಇತ್ತು.

5. ತುದಿ ಮುರಿದ ರೆಕ್ಕೆ ತೂಕ ತಪ್ಪಿ ತಿರುಗಿತು. ರೆಕ್ಕೆ ಬಾಗಿದ ಫ್ಯಾನ್ ಹೇಗೆ ಗಡಗಡ ಅಲುಗುತ್ತದೆ, ಹಾಗೆ ಅಲುಗಿತು. ಆ ಅಲುಗಾಟಕ್ಕೆ ಒಂದು ರೆಕ್ಕೆ ಬುಡದಿಂದ ಕಿತ್ತು ದೂರ ಹಾರಿತು.

6. ಆಗ ಕರೆಂಟು ವಿಪರೀತ ಎಳೆಯಿತು. ತೋಟದ ಪಂಪ್‌ಸೆಟ್ ಹಾಕಿದಾಗ ಮನೆಯ ದೀಪ ಮಂಕಾಗುತ್ತದಲ್ಲ, ಹಾಗೆ. ಅದರಿಂದ ಮಾತು ನಿಂತಿತು.

ನೋಡಿ, ಮಾತು ನಿಂತದ್ದು ಕೊನೆಯ ಕೊಂಡಿ. ರೆಕ್ಕೆ ಮುರಿದದ್ದು ನಡುವಿನ ಕೊಂಡಿ. ಮೊದಲ ಕೊಂಡಿ ನುಣುಪು ಮರಳು. ಕೊನೆಯದನ್ನು ಮಾತ್ರ ನೋಡಿದ್ದರೆ ‘ರೇಡಿಯೋ ಕೆಟ್ಟಿದೆ’ ಅನ್ನುತ್ತಿದ್ದರು. ನಡುವಿನದನ್ನು ಮಾತ್ರ ನೋಡಿದ್ದರೆ ‘ರೆಕ್ಕೆ ಗಟ್ಟಿ ಇಲ್ಲ’ ಅನ್ನುತ್ತಿದ್ದರು. ‘ಅದು ಯಾಕೆ? ಅದು ಯಾಕೆ?’ ಅಂತ ಹಿಂದೆ ಹಿಂದೆ ಹೋದದ್ದರಿಂದ ಮೂಲ ಸಿಕ್ಕಿತು.

ಇದರಿಂದ ಏನು ಲಾಭ? ಮುಂದೆ ಹೆಲಿಕಾಪ್ಟರ್ ಮಾಡುವವರಿಗೆ ಗೊತ್ತಾಯಿತು, ನುಣುಪು ಮರಳಿನ ಮೇಲೂ ದಾರಿ ಕಾಣುವ ಕಣ್ಣು ಬೇಕು ಅಂತ. ಇದಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಭಾರದ ಹೆಲಿಕಾಪ್ಟರನ್ನು ಮಂಗಳಕ್ಕೆ ಕಳಿಸುವ ಯೋಚನೆಯನ್ನೂ ಅವರು ಆಗ ಮುಂದಿಟ್ಟರು.

ನಮ್ಮ ಮನೆಯ ತನಿಖೆ

ಇಷ್ಟು ದೊಡ್ಡ ನಷ್ಟ ಆದಾಗ ಅವರು ‘ಯಾರು ಕಾರಣ?’ ಅಂತ ಬೆರಳು ತೋರಿಸಿ ಕೂತಿದ್ದರೆ ಮರಳಿನ ವಿಷಯ ಗೊತ್ತಾಗುತ್ತಲೇ ಇರಲಿಲ್ಲ. ‘ಏನಾಯಿತು? ಹೇಗಾಯಿತು?’ ಅಂತ ಕೇಳಿದರು. ಅದಕ್ಕೇ ಉತ್ತರ ಸಿಕ್ಕಿತು.

ನಮ್ಮ ಮನೆಗಳಲ್ಲಿ ಏನಾದರೂ ಕೆಟ್ಟದ್ದಾದರೆ ಮೊದಲು ಬರುವ ಮಾತು ಯಾವುದು? ‘ಯಾರ ದೃಷ್ಟಿ ತಾಗಿತೋ’, ‘ಯಾರ ಕಾಲ್ಗುಣವೋ’. ಬೆರಳು ಬಹಳ ಸಲ ಹೆಂಗಸಿನ ಕಡೆಗೇ ತಿರುಗುತ್ತದೆ. ಹೊಸ ಸೊಸೆ ಬಂದ ವಾರದಲ್ಲಿ ಕಟ್ಟಿದ ಹಸು ಸತ್ತರೆ, ‘ಇವಳು ಕಾಲಿಟ್ಟಳು, ಹಸು ಹೋಯಿತು’ ಅನ್ನುತ್ತಾರೆ. ಆ ಹುಡುಗಿ ಮೂಲೆಯಲ್ಲಿ ಕೂತು ಅಳುತ್ತಾಳೆ. ಒಂದು ಮಾತು ಅವಳ ಬೆನ್ನಿಗೆ ಹತ್ತು ವರ್ಷ ಅಂಟಿಕೊಳ್ಳುತ್ತದೆ.

ಬನ್ನಿ, ನಾವು ಮಂಗಳದ ತನಿಖೆಯ ಹಾಗೆ ಕೇಳಿ ನೋಡೋಣ. ಹಸು ಆ ದಿನ ಎಲ್ಲಿ ಮೇಯಿತು? ಜೋಳ ಕೊಯ್ದ ಹೊಲದಲ್ಲಿ. ಅಲ್ಲಿ ಏನಿತ್ತು? ಕೂಳೆ ಚಿಗುರಿತ್ತು. ಎಳೆ ಜೋಳದ ಚಿಗುರಿನಲ್ಲಿ ವಿಷ ಇರುತ್ತದೆ. ಮಳೆ ಇಲ್ಲದೆ ಬಾಡಿದ ಎಳೆ ಪೈರಿನಲ್ಲಿ ಇನ್ನೂ ಹೆಚ್ಚು. ಅದನ್ನು ಹೊಟ್ಟೆ ತುಂಬಾ ಮೇದರೆ ಸ್ವಲ್ಪ ಹೊತ್ತಿನಲ್ಲೇ ದನ ಉಸಿರು ಕಟ್ಟಿ ಬೀಳುತ್ತದೆ. ಕೂಡಲೇ ಪಶುವೈದ್ಯರು ಸಿಕ್ಕಿದರೆ ಉಳಿಸಬಹುದು.

ಈಗ ಹೇಳಿ, ಇದರಲ್ಲಿ ಸೊಸೆಯ ಕಾಲಿನದು ಏನಿದೆ? ಅವಳನ್ನು ಬೈದರೆ ಮುಂದಿನ ವರ್ಷ ಇನ್ನೊಂದು ಹಸುವೂ ಅದೇ ಕೂಳೆ ಮೇಯುತ್ತದೆ. ಕಾರಣ ತಿಳಿದರೆ ಹಸು ಉಳಿಯುತ್ತದೆ. ಸೊಸೆಯೂ ನೆಮ್ಮದಿಯಾಗಿ ಇರುತ್ತಾಳೆ.

ಕುಜನ ಮಾತೂ ಹಾಗೇ. ಮಂಗಳದ ಮೇಲೆ ಏನಿದೆ ಅಂತ ಈಗ ನಾವು ಓದಿದೆವು. ಕಲ್ಲಿದೆ, ಕೆಂಪು ಮರಳಿದೆ, ತೆಳು ಗಾಳಿಯಿದೆ. ರೆಕ್ಕೆ ಮುರಿದ ಒಂದು ಪುಟ್ಟ ಹೆಲಿಕಾಪ್ಟರ್ ನಿಂತಿದೆ. ನಮ್ಮ ಹುಡುಗಿಯರ ಮದುವೆ ನಿಲ್ಲಿಸುವಂಥದ್ದು ಅಲ್ಲಿ ಏನಿದೆ? ಮನೆಯಲ್ಲಿ ಕೂತು ಮಾತಾಡಿ ನೋಡಿ.

ಪದಗಳ ಅರ್ಥ

ಗ್ರಹ – ಸೂರ್ಯನನ್ನು ಸುತ್ತುವ ದೊಡ್ಡ ಗೋಳ. ಭೂಮಿಯೂ ಒಂದು ಗ್ರಹ.
ತನಿಖೆ – ಏನು ನಡೆಯಿತು ಅಂತ ವಿಚಾರಿಸಿ ತಿಳಿಯುವುದು
ತಪಾಸಣೆ – ಸರಿಯಾಗಿದೆಯೇ ಅಂತ ಪರೀಕ್ಷೆ ಮಾಡುವುದು
ಸಂಪರ್ಕ – ಸುದ್ದಿ ಕಳಿಸುವ, ಪಡೆಯುವ ಸಂಬಂಧ
ಕೂಳೆ – ಕೊಯ್ದ ಪೈರಿನ ಬುಡ. ಅದರಿಂದ ಮತ್ತೆ ಚಿಗುರು ಬರುತ್ತದೆ

ಉತ್ತರ ಬರೆಯಿರಿ

1. ಪುಟ್ಟ ಹೆಲಿಕಾಪ್ಟರ್ ಒಟ್ಟು ಎಷ್ಟು ಸಲ ಹಾರಿತು?
2. ರೆಕ್ಕೆ ಮುರಿದದ್ದು ಮೊದಲು ಹೇಗೆ ಗೊತ್ತಾಯಿತು?
3. ನುಣುಪು ಮರಳಿನ ಮೇಲೆ ಅದಕ್ಕೆ ದಾರಿ ತಿಳಿಯದೆ ಹೋದದ್ದು ಯಾಕೆ?
4. ಐದು ಸಲದ ಲೆಕ್ಕ ಹಾಕಿದ್ದರು, 72 ಸಲ ಹಾರಿತು. ಎಷ್ಟು ಸಲ ಹೆಚ್ಚು ಹಾರಿತು?

ಮಾಡಿ ನೋಡೋಣ

ಒಂದು ಹಾಳೆಯನ್ನು ಕೊಳವೆಯ ಹಾಗೆ ಸುತ್ತಿ. ಚಾಪೆಯ ಮೇಲೆ ಚೌಕುಳಿ ಸೀರೆ ಹಾಸಿ. ಒಬ್ಬರು ಕೊಳವೆಯಲ್ಲಿ ಸೀರೆ ಮಾತ್ರ ಕಾಣುವಂತೆ ನೋಡಿ. ಇನ್ನೊಬ್ಬರು ಸೀರೆಯನ್ನು ಮೆಲ್ಲಗೆ ಎಳೆಯಿರಿ. ಎಷ್ಟು ಸರಿಯಿತು ಅಂತ ಹೇಳಿ. ಆಮೇಲೆ ಗುರುತಿಲ್ಲದ ಸೀರೆ ಹಾಸಿ ಹಾಗೇ ಮಾಡಿ.

ಮಾತಾಡೋಣ

ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಈಚೆಗೆ ಏನಾದರೂ ಕೆಟ್ಟಿತೇ? ಪಂಪು ಸುಟ್ಟಿತೇ? ಕೋಳಿ ಸತ್ತವೇ? ಗೋಡೆ ಬಿತ್ತೇ? ಆಗ ಜನ ಯಾರನ್ನು ದೂರಿದರು? ಗುಂಪಿನಲ್ಲಿ ಕೂತು ‘ಅದು ಯಾಕೆ?’ ಅಂತ ಒಂದೊಂದೇ ಕೊಂಡಿ ಹಿಂದೆ ಹೋಗಿ. ಸಿಕ್ಕಿದ್ದನ್ನು ನಿಮ್ಮ ಪುಸ್ತಕದಲ್ಲಿ ನೀವೇ ಬರೆಯಿರಿ. ತಾರೀಕು ಹಾಕುವುದನ್ನು ಮರೆಯಬೇಡಿ.